ಹೊಸ ಡಿಸ್ಕ್ ಹಾಕಿಸಿದ ಮೇಲೂ ಬ್ರೇಕ್ ಒತ್ತಿದರೆ ಸ್ಟೀರಿಂಗ್ ನಡುಗುತ್ತದೆ, ಏಕೆ?

ಪ್ರಶ್ನೆ: ಹೈವೇನಲ್ಲಿ ಬ್ರೇಕ್ ಒತ್ತಿದಾಗ ಸ್ಟೀರಿಂಗ್ ನಡುಗುತ್ತಿತ್ತು. ಡಿಸ್ಕ್ ಬೆಂಡ್ ಆಗಿದೆ ಎಂದು ಮುಂದಿನ ಎರಡೂ ಡಿಸ್ಕ್ ಬದಲಿಸಿಕೊಟ್ಟರು. 8,000 ಕಿ.ಮೀ. ಓಡುವಷ್ಟರಲ್ಲಿ ಮತ್ತೆ ಅದೇ ನಡುಕ. ಡಿಸ್ಕ್ ನಕಲಿಯೇ? ಈಗ ಲೇತ್ ಹೊಡೆಸಲೇ (ಯಂತ್ರದಲ್ಲಿ ಕೆತ್ತಿಸಿ ಸಮ ಮಾಡಿಸಲೇ), ಮತ್ತೆ ಹೊಸದು ಹಾಕಿಸಲೇ?

ಉತ್ತರ: ನಕಲಿ ಮಾಲು ಇಲ್ಲವೇ ಇಲ್ಲ ಅನ್ನಲಾಗದು. ಆದರೆ ಹಾಕಿದ ದಿನ ಸರಿಯಿದ್ದು, ಕೆಲವು ಸಾವಿರ ಕಿ.ಮೀ. ಆದ ಮೇಲೆ ನಡುಕ ಬಂದಿದೆ ಎಂದರೆ ಮೊದಲು ಅನುಮಾನ ಪಡಬೇಕಾದ್ದು ಡಿಸ್ಕ್ ಕೂರುವ ಹಬ್ ಅನ್ನು.

ಗ್ಯಾರೇಜ್‌ಗಳಲ್ಲಿ ‘ಬೆಂಡ್’ ಅನ್ನುತ್ತಾರೆ, ನಿಜಕ್ಕೂ ಬೀಡುಕಬ್ಬಿಣದ ಡಿಸ್ಕ್ ಬಾಗುವುದು ಅಪರೂಪ. ಹಳೆ ಡಿಸ್ಕ್ ತೆಗೆದಾಗ ಹಬ್‌ನ ಮುಖದ ಮೇಲೆ, ಅದರಲ್ಲೂ ಬೋಲ್ಟ್‌ಗಳ ಬುಡದಲ್ಲಿ, ತುಕ್ಕಿನ ಹಕ್ಕಳೆ ಕಟ್ಟಿರುತ್ತದೆ. ಅದನ್ನು ಕೆರೆಯದೆ ಹೊಸ ಡಿಸ್ಕ್ ಕೂರಿಸಿದರೆ ಡಿಸ್ಕ್ ಕೂದಲೆಳೆಯಷ್ಟು ಓರೆಯಾಗಿ ನಿಲ್ಲುತ್ತದೆ. ಬ್ರೇಕ್ ಒತ್ತದಿದ್ದಾಗಲೂ ಪ್ರತಿ ಸುತ್ತಿನಲ್ಲಿ ಡಿಸ್ಕ್‌ನ ಅದೇ ಜಾಗ ಅದನ್ನು ಒತ್ತಿ ಹಿಡಿಯುವ ಪ್ಯಾಡ್‌ಗೆ ಸವರಿಕೊಂಡು ಹೋಗುತ್ತದೆ. ಹೀಗೆ ಸಾವಿರಾರು ಕಿ.ಮೀ. ಸವೆದಾಗ ಆ ಜಾಗ ತೆಳುವಾಗುತ್ತದೆ. ಡಿಸ್ಕ್‌ನ ದಪ್ಪದಲ್ಲಿ 0.02 ಮಿ.ಮೀ. ಏರುಪೇರಾದರೂ ಸಾಕು, ಪ್ಯಾಡನ್ನು ಒತ್ತುವ ಪಿಸ್ಟನ್ ಸುತ್ತಿಗೊಮ್ಮೆ ಹಿಂದೆ ಮುಂದೆ ಆಡಿ ಆ ಮಿಡಿತ ಪೆಡಲ್‌ಗೂ ಸ್ಟೀರಿಂಗ್‌ಗೂ ಬರುತ್ತದೆ. ಡಿಸ್ಕ್ ಹಾಕಿದ ದಿನದ ಟೆಸ್ಟ್ ಡ್ರೈವ್‌ನಲ್ಲಿ ಏನೂ ಗೊತ್ತಾಗದಿರುವುದಕ್ಕೂ ಇದೇ ಕಾರಣ. ವರ್ಷಕ್ಕೆ ನಾಲ್ಕು ತಿಂಗಳು ಮಳೆ, ಮೇಲಿಂದ ಉಪ್ಪುಗಾಳಿ ಇರುವ ಕರಾವಳಿಯ ಕಾರುಗಳಲ್ಲಿ ಈ ತೊಂದರೆ ಜಾಸ್ತಿ.

ಏರ್ ಗನ್ನಿನಿಂದ ವೀಲ್ ನಟ್‌ಗಳನ್ನು ಒಂದೊಂದು ಒಂದೊಂದು ಥರ ಬಿಗಿದರೂ ಇದೇ ಫಲ. ಮೂರನೆಯದು, ಘಾಟಿ ಇಳಿದು ಕಾದ ಬ್ರೇಕನ್ನು ಒತ್ತಿ ಹಿಡಿದೇ ನಿಲ್ಲುವ ಅಭ್ಯಾಸ: ಪ್ಯಾಡ್‌ನ ಪದಾರ್ಥ ಡಿಸ್ಕ್‌ಗೆ ಅಚ್ಚೊತ್ತಿದಂತೆ ಅಂಟುತ್ತದೆ.

ಬ್ರೇಕ್ ಒತ್ತದೆಯೂ 80–100ರ ವೇಗದಲ್ಲಿ ನಡುಗಿದರೆ ಇಷ್ಟೆಲ್ಲ ಬೇಡ, ವೀಲ್ ಬ್ಯಾಲೆನ್ಸಿಂಗ್ ನೋಡಿಸಿ. ಬ್ರೇಕ್ ಒತ್ತಿದಾಗ ಸ್ಟೀರಿಂಗ್ ಬಿಟ್ಟು ಸೀಟು ಮಾತ್ರ ಅದುರಿದರೆ ಹಿಂದಿನ ಡಿಸ್ಕ್ ಅಥವಾ ಡ್ರಮ್ ಕಡೆ ಗಮನ ಹೋಗಲಿ.

ಕಣ್ಣಂದಾಜಿನಲ್ಲಿ ಇದು ಬಗೆಹರಿಯದು, ಕೂದಲೆಳೆಯಷ್ಟು ಏರಿಳಿತವನ್ನೂ ಮುಳ್ಳಿನಲ್ಲಿ ತೋರಿಸುವ ಡಯಲ್ ಗೇಜ್ ಬೇಕು. ಚಕ್ರ ಬಿಚ್ಚಿ, ವಾಷರ್ ಕೊಟ್ಟು ಎಲ್ಲ ನಟ್ ಸಮನಾಗಿ ಬಿಗಿದು, ಅಂಚಿನಿಂದ 10 ಮಿ.ಮೀ. ಒಳಗೆ ಗೇಜ್‌ನ ಮೊನೆ ಇಟ್ಟು ಡಿಸ್ಕನ್ನು ನಿಧಾನಕ್ಕೆ ಒಂದು ಸುತ್ತು ತಿರುಗಿಸಬೇಕು. ಮುಳ್ಳು ತೋರಿಸುವ ಓಲಾಟ 0.05 ಮಿ.ಮೀ. ಒಳಗಿದ್ದರೆ ಒಳ್ಳೆಯದು, ಕೊನೆಯ ಮಿತಿ ಎಷ್ಟೆಂದು ನಿಮ್ಮ ಕಾರಿನ ಸರ್ವಿಸ್ ಮ್ಯಾನ್ಯುಯಲ್ ಹೇಳುತ್ತದೆ. ಜಾಸ್ತಿ ಬಂತೇ? ಎತ್ತರದ ಜಾಗ ಯಾವ ಬೋಲ್ಟ್ ಎದುರಿಗಿದೆ ಎಂದು ಚಾಕ್‌ನಿಂದ ಗುರುತು ಮಾಡಿ. ಡಿಸ್ಕ್ ಕಳಚಿ, ಒಂದು ಬೋಲ್ಟ್ ಮುಂದಕ್ಕೆ ತಿರುಗಿಸಿ ಹಾಕಿ ಮತ್ತೆ ಅಳೆಯಿರಿ. ಎತ್ತರ ಡಿಸ್ಕ್ ಜೊತೆ ಸರಿದರೆ ತಪ್ಪು ಡಿಸ್ಕ್‌ನದು. ಮೊದಲಿನ ಬೋಲ್ಟ್ ಹತ್ತಿರವೇ ನಿಂತರೆ ತುಕ್ಕು, ಹಬ್ ಅಥವಾ ಬೇರಿಂಗ್. ಹೆಚ್ಚೆಂದರೆ ಅರ್ಧ ಗಂಟೆಯ ಕೆಲಸ, ಆದರೂ ಮಾಡುವವರು ಕಡಿಮೆ.

ಇನ್ನು ಲೇತ್ ವಿಚಾರ. ಡಿಸ್ಕ್‌ನ ಅಂಚಿನಲ್ಲೋ ಟೋಪಿಯಂತೆ ಉಬ್ಬಿದ ನಡುಭಾಗದಲ್ಲೋ ‘ಮಿನ್ ಟಿಎಚ್’ ಎಂದು ಕನಿಷ್ಠ ದಪ್ಪ ಕೊರೆದಿರುತ್ತದೆ. ದಪ್ಪವನ್ನು ಮೈಕ್ರೋಮೀಟರ್‌ನಲ್ಲಿ ಸುತ್ತಲೂ 8 ಕಡೆ ಅಳೆಸಿ. ವರ್ನಿಯರ್ ಬೇಡ, ಅದು ಸವೆಯದೆ ಉಳಿದ ಅಂಚಿನ ದಿಂಡಿನ ಮೇಲೆ ಕೂತು ಸುಳ್ಳು ಹೇಳುತ್ತದೆ. ಹೊಸದರಲ್ಲಿ 22 ಮಿ.ಮೀ., ಕನಿಷ್ಠ 20 ಇರುವ ಡಿಸ್ಕ್ ಈಗ 20.6 ಇದೆ ಅನ್ನಿ. ಎರಡೂ ಬದಿ 0.3ರಂತೆ ಕೆತ್ತಿದರೆ ಅಲ್ಲಿಗೆ ಮುಗಿಯಿತು, ಮುಂದೆ ಸವೆಯಲು ಏನೂ ಉಳಿಯಲಿಲ್ಲ. ಅಂಥದ್ದಕ್ಕೆ ಲೇತ್ ಕೂಲಿ ದಂಡ. ದಪ್ಪ ಸಾಕಷ್ಟಿದ್ದರೆ ಕಾರಿನ ಮೇಲೇ ಕೂರಿಸಿ ಕೆತ್ತುವ ಯಂತ್ರ ಎಲ್ಲಿದೆ ಎಂದು ಹುಡುಕಿ, ಅದು ಹಬ್‌ಗೆ ಹೊಂದಿಸಿಯೇ ಸಮ ಮಾಡುತ್ತದೆ. ಮಾಮೂಲಿ ವರ್ಕ್‌ಶಾಪ್ ಲೇತ್‌ನಲ್ಲಿ ಡಿಸ್ಕ್ ಹಿಡಿಯುವ ಚಕ್ ಓರೆಯಿದ್ದರೆ ಡಿಸ್ಕ್ ಇನ್ನಷ್ಟು ಕೆಟ್ಟು ಬರುತ್ತದೆ. ಅತಿಯಾಗಿ ಕಾದು ನೀಲಿ ಕಲೆ ಬಿದ್ದ, ಅಂಚಿನವರೆಗೆ ಬಿರುಕು ಓಡಿದ ಡಿಸ್ಕನ್ನು ಕೆತ್ತಿಸಬೇಡಿ. ನೀಲಿ ಜಾಗದಲ್ಲಿ ಕಬ್ಬಿಣ ಗಟ್ಟಿಯಾಗಿ ಬದಲಾಗಿರುತ್ತದೆ, ಆಳದವರೆಗೂ.

ಹೊಸದು ಕೊಳ್ಳುವುದಾದರೆ ಕಾರಿನ ಹೆಸರು ಹೇಳಿ ಕೇಳಬೇಡಿ, ಚಾಸಿ ನಂಬರ್ ಕೊಡಿ. ಒಂದೇ ಮಾಡೆಲ್‌ನಲ್ಲಿ ವೇರಿಯಂಟ್‌ಗೊಂದು ಅಳತೆ ಇರಬಹುದು. ಹಳೆಯದರ ಪಕ್ಕ ಇಟ್ಟು ವ್ಯಾಸ, ದಪ್ಪ, ಟೋಪಿಯ ಎತ್ತರ, ನಡುವಿನ ತೂತು ನಾಲ್ಕನ್ನೂ ಹೋಲಿಸಿ. ದಿನನಿತ್ಯದ ಕಾರಿಗೆ ತೂತು ಕೊರೆದ ಡಿಸ್ಕ್ ಶೋಕಿಗೆ ಮಾತ್ರ. ಆಗುಂಬೆ, ಚಾರ್ಮಾಡಿ ಇಳಿಯುವ ಬಿಸಿಯಲ್ಲಿ ಬಿರುಕು ಶುರುವಾಗುವುದೂ ಆ ತೂತುಗಳಿಂದಲೇ. ಆ ದುಡ್ಡನ್ನು ತುಕ್ಕು ತಡೆಯುವ ಲೇಪನವಿರುವ ಸಾದಾ ಡಿಸ್ಕ್‌ಗೆ ಹಾಕಿ. ಎಡ ಬಲ ಎರಡೂ, ಜೊತೆಗೆ ಹೊಸ ಪ್ಯಾಡ್.

ಫಿಟ್ ಮಾಡುವಾಗ ಪಕ್ಕದಲ್ಲೇ ನಿಂತು ನೋಡಿ. ಬಿಚ್ಚಿದ ಕ್ಯಾಲಿಪರ್ (ಪಿಸ್ಟನ್, ಪ್ಯಾಡ್ ಇರುವ ಭಾಗ) ಹೋಸ್‌ನಲ್ಲಿ ನೇತಾಡಬಾರದು, ತಂತಿಯಲ್ಲಿ ಸ್ಪ್ರಿಂಗ್‌ಗೆ ಕಟ್ಟಿರಬೇಕು. ಡಿಸ್ಕ್ ಹಿಡಿದುಕೊಂಡಿದ್ದರೆ ಸುತ್ತಿಗೆ ಏಟಿಗಿಂತ ಮೊದಲು ಅದರ ಮೇಲೆ ಒಳಗೆ ಥ್ರೆಡ್ (ತಿರುಪಿನ ಗೆರೆ) ಇರುವ ಎರಡು ತೂತು ಇವೆಯೇ ನೋಡಲಿ. ಬಹಳಷ್ಟು ಜಪಾನಿ ಮೂಲದ ಕಾರುಗಳಲ್ಲಿ ಅಲ್ಲಿ 8 ಮಿ.ಮೀ. ಬೋಲ್ಟ್ ಹಾಕಿ ತಿರುಗಿಸಿದರೆ ಡಿಸ್ಕ್ ತಾನೇ ಮೇಲೇಳುತ್ತದೆ. ಆಮೇಲೆ ಹಬ್‌ನ ಮುಖ, ನಡುವಿನ ಉಂಗುರ, ಬೋಲ್ಟ್‌ಗಳ ಸುತ್ತ ವೈರ್ ಬ್ರಷ್‌ನಿಂದ ಲೋಹ ಕಾಣುವವರೆಗೂ ಉಜ್ಜಬೇಕು. ಹೊಸ ಡಿಸ್ಕ್‌ನ ಮೇಲಿನ ಎಣ್ಣೆಯನ್ನು ಬ್ರೇಕ್ ಕ್ಲೀನರ್‌ನಿಂದ ತೊಳೆಯಬೇಕು. ಕ್ಯಾಲಿಪರ್‌ನ ಸ್ಲೈಡ್ ಪಿನ್‌ಗಳಿಗೆ ಸಿಲಿಕೋನ್ ಗ್ರೀಸ್. ಮಾಮೂಲಿ ಗ್ರೀಸ್ ಹಚ್ಚಿದರೆ ರಬ್ಬರ್ ಉಬ್ಬಿ ಪಿನ್ ಸಿಕ್ಕಿಕೊಳ್ಳುತ್ತದೆ, ಪ್ಯಾಡ್ ಡಿಸ್ಕನ್ನು ಬಿಡದೆ ಉಜ್ಜುತ್ತದೆ. ಪಿಸ್ಟನ್ ಒಳಗೆ ತಳ್ಳುವಾಗ ಮೇಲಿನ ಡಬ್ಬಿಯ ಬ್ರೇಕ್ ಆಯಿಲ್ ಉಕ್ಕದಂತೆ ಕಣ್ಣಿರಲಿ, ಬಿದ್ದ ಕಡೆ ಪೇಂಟ್ ಏಳುತ್ತದೆ. ಹಿಂದಿನ ಚಕ್ರಕ್ಕೆ ಎಲೆಕ್ಟ್ರಾನಿಕ್ ಪಾರ್ಕಿಂಗ್ ಬ್ರೇಕ್ ಇದ್ದರೆ ಮೊದಲು ಸರ್ವಿಸ್ ಮೋಡ್‌ಗೆ ಹಾಕದೆ ಪಿಸ್ಟನ್ ಮುಟ್ಟುವಂತಿಲ್ಲ. ಕೊನೆಗೆ ನಟ್‌ಗಳನ್ನು ಎದುರುಬದುರಾಗಿ, ಟಾರ್ಕ್ ವ್ರೆಂಚ್‌ನಲ್ಲಿ, ಮ್ಯಾನ್ಯುಯಲ್ ಹೇಳಿದಷ್ಟೇ ಬಿಗಿಯಲಿ.

ಗಾಡಿ ಕದಲಿಸುವ ಮುಂಚೆ ಪೆಡಲ್ ಗಟ್ಟಿಯಾಗುವವರೆಗೆ ತುಳಿಯಿರಿ. ಮೊದಲ ಒಂದೆರಡು ಸಲ ಅದು ನೆಲಕ್ಕೆ ಹೋಗುತ್ತದೆ. ನಂತರ ಪ್ಯಾಡ್, ಡಿಸ್ಕ್ ಒಂದಕ್ಕೊಂದು ಹೊಂದಿಕೊಳ್ಳಲು ಖಾಲಿ ರಸ್ತೆಯಲ್ಲಿ ವೇಗವನ್ನು 60ರಿಂದ 10ಕ್ಕೆ, ಪೂರ್ತಿ ನಿಲ್ಲಿಸದೆ, ಮಧ್ಯಮ ಒತ್ತಡದಲ್ಲಿ ಹತ್ತು ಸಲ ಇಳಿಸಿ, ನಡುವೆ ಅರ್ಧ ನಿಮಿಷ ಓಡಿಸಿ ಆರಲು ಬಿಡಿ.

ನಿಮ್ಮ ಕಾರಿನ ಮಟ್ಟಿಗೆ, 8,000 ಕಿ.ಮೀ.ಗೆ ಡಿಸ್ಕ್ ಕನಿಷ್ಠ ದಪ್ಪಕ್ಕೆ ಇಳಿದಿರುವ ಸಾಧ್ಯತೆ ಕಡಿಮೆ. ಮೊದಲು ಕಳಚಿ ಹಬ್ ಉಜ್ಜಿಸಿ, ಓಲಾಟ ಅಳೆಸಿ, ಆಮೇಲೆ ಕಾರಿನ ಮೇಲೇ ತೆಳುವಾಗಿ ಕೆತ್ತಿಸಿ. ಕೆತ್ತಿದ ಮೇಲಿನ ಓಲಾಟ ಮತ್ತು ದಪ್ಪ ಎರಡನ್ನೂ, ಎಡ ಬಲ ಬೇರೆ ಬೇರೆಯಾಗಿ, ಬಿಲ್ ಮೇಲೆ ಬರೆಸಿಕೊಳ್ಳಿ.