ಪದ ಪರಿಚಯ: ಫ್ರ್ಯಾಂಕ್, ಕ್ಯಾಂಡಿಡ್, ಬ್ಲಂಟ್ ಮತ್ತು ಅವುಗಳ ನೆಂಟರು

ಇಂಗ್ಲಿಷ್ ನಿಘಂಟಿನಲ್ಲಿ ಫ್ರ್ಯಾಂಕ್ ಹುಡುಕಿದರೆ ‘ಮುಚ್ಚುಮರೆಯಿಲ್ಲದ’ ಎಂಬ ಬಗೆಯ ಅರ್ಥ ಸಿಗುತ್ತದೆ. ಕ್ಯಾಂಡಿಡ್‌ಗೂ ಹೆಚ್ಚುಕಡಿಮೆ ಅದೇ, ಫೋರ್ತ್‌ರೈಟ್‌ಗೂ ಅದೇ. ಅರ್ಥ ತಪ್ಪೇನಲ್ಲ. ಆದರೆ ಒಂದರ ಜಾಗದಲ್ಲಿ ಇನ್ನೊಂದನ್ನು ಇಟ್ಟರೆ ಹೊಗಳಲು ಹೊರಟದ್ದು ದೂರು ಆಗಿಬಿಡಬಹುದು. ಇವನ್ನು ಬೇರ್ಪಡಿಸಲು ಒಂದು ಪ್ರಶ್ನೆ ಉಪಯೋಗಕ್ಕೆ ಬರುತ್ತದೆ: ಆ ಮಾತು ಬಾಯಿಂದ ಹೊರಬರದಂತೆ ತಡೆಯಬಹುದಾಗಿದ್ದದ್ದು ಯಾವುದು? ದಾಕ್ಷಿಣ್ಯವೇ, ತನ್ನ ಮಾನದ ಚಿಂತೆಯೇ, ಎದುರಿನವರು ನೊಂದಾರೆಂಬ ಕಾಳಜಿಯೇ, ಮುಂದೇನಾದೀತೋ ಎಂಬ ಭಯವೇ?

ಫ್ರ್ಯಾಂಕ್ ಎಂದರೆ ದಾಕ್ಷಿಣ್ಯ ಬಿಟ್ಟು ಆಡಿದ ಮಾತು. ಪದದ ಮೂಲಾರ್ಥ ‘ಸ್ವತಂತ್ರ’. ಗಾಲ್ ಪ್ರದೇಶವನ್ನು (ಹೆಚ್ಚುಕಡಿಮೆ ಇಂದಿನ ಫ್ರಾನ್ಸ್) ಗೆದ್ದು ಆಳಿದ ಫ್ರಾಂಕ್ ಜನಾಂಗಕ್ಕೆ ಅಲ್ಲಿ ಪೂರ್ಣ ಸ್ವಾತಂತ್ರ್ಯವಿತ್ತು. ಜನಾಂಗದ ಹೆಸರೇ ಹಳೆಯ ಫ್ರೆಂಚ್‌ನಲ್ಲಿ ಬಿಡುಗಡೆಯ ಹೆಸರಾಯಿತು. ಅಂಚೆಯ ಫ್ರ್ಯಾಂಕಿಂಗ್ ಕೂಡ ಇದೇ ಬೇರಿನದು. ಶುಲ್ಕವಿಲ್ಲದೆ ಸಾಗಬೇಕಾದ ಪತ್ರದ ಮೇಲೆ ಹಾಕುತ್ತಿದ್ದ ಗುರುತು ಅದು. ಫ್ರ್ಯಾಂಕ್ ಮಾತಿಗೆ ಸಾಮಾನ್ಯವಾಗಿ ಕೇಳುವವರೊಬ್ಬರು ಎದುರಿಗಿರುತ್ತಾರೆ, ವಿಷಯ ಸ್ವಲ್ಪ ಮುಜುಗರದ್ದಾಗಿರುತ್ತದೆ. ವೈದ್ಯರು ರೋಗಿಗೆ ‘ಈ ಚಿಕಿತ್ಸೆಯಿಂದ ಪೂರ್ತಿ ಗುಣವಾಗುವುದಿಲ್ಲ’ ಎಂದರೆ ಅದು ಫ್ರ್ಯಾಂಕ್. ರಾಜತಾಂತ್ರಿಕ ಹೇಳಿಕೆಗಳಲ್ಲಿ ಮಾತ್ರ ಈ ಪದಕ್ಕೆ ಬೇರೆಯೇ ಬಣ್ಣ. ಎರಡು ದೇಶಗಳ ನಡುವೆ ‘ಫ್ರ್ಯಾಂಕ್ ಆಗಿ ಅಭಿಪ್ರಾಯ ವಿನಿಮಯ ನಡೆಯಿತು’ ಎಂದು ಬರೆದಿದ್ದರೆ, ಒಪ್ಪಂದ ಆಗಲಿಲ್ಲ, ಪ್ರಾಯಶಃ ಜಗಳವೇ ಆಯಿತು ಎಂದು ಓದಿಕೊಳ್ಳಬೇಕು.

ಕ್ಯಾಂಡಿಡ್ ಹೆಚ್ಚು ಸೂಕ್ಷ್ಮ. ಲ್ಯಾಟಿನ್‌ನ ‘ಕ್ಯಾಂಡಿಡಸ್’ ಎಂದರೆ ಹೊಳೆಯುವ ಬಿಳುಪು. ರೋಮ್‌ನಲ್ಲಿ ಪದವಿಗೆ ಸ್ಪರ್ಧಿಸುವವರು ಸೀಮೆಸುಣ್ಣ ಉಜ್ಜಿ ಬೆಳ್ಳಗೆ ಮಾಡಿದ ಟೋಗಾ ಉಡುತ್ತಿದ್ದರು, ‘ಕ್ಯಾಂಡಿಡೇಟ್’ ಬಂದದ್ದು ಅಲ್ಲಿಂದ. (ಅಭ್ಯರ್ಥಿಗೂ ಪ್ರಾಮಾಣಿಕತೆಗೂ ಒಂದೇ ಬೇರು ಎಂಬುದನ್ನು ಹಾಗೆಯೇ ಬಿಡೋಣ.) ಬಿಳುಪಿನಿಂದ ಕಲ್ಮಶವಿಲ್ಲದ ಮನಸ್ಸು, ಅಲ್ಲಿಂದ ಬಿಚ್ಚುಮನಸ್ಸಿನ ಮಾತು ಎಂದು ಅರ್ಥ ಸರಿಯುತ್ತ ಬಂತು. ಸ್ಯಾಮ್ಯುಯೆಲ್ ಜಾನ್ಸನ್ 1755ರ ತಮ್ಮ ನಿಘಂಟಿನಲ್ಲಿ ‘ಕ್ಯಾಂಡರ್’ಗೆ (ಕ್ಯಾಂಡಿಡ್‌ನ ನಾಮಪದ) ಕೊಟ್ಟ ಅರ್ಥಗಳಲ್ಲಿ ಸ್ವಭಾವದ ಮಾಧುರ್ಯವೂ ದಯೆಯೂ ಇವೆ. ಹಾಗಾಗಿ ಆ ಕಾಲದ ಬರಹದಲ್ಲಿ ಈ ಪದ ಕಂಡರೆ ‘ನೇರ ಮಾತು’ ಎಂದು ಅವಸರದಲ್ಲಿ ಅನುವಾದಿಸಬಾರದು. ‘ಪರರ ಬಗ್ಗೆ ಒಳ್ಳೆಯದನ್ನೇ ಎಣಿಸುವ ಗುಣ’ ಎಂಬುದು ಸರಿಹೊಂದಬಹುದು. ಈಗಿನ ಬಳಕೆಯಲ್ಲಿ ಕ್ಯಾಂಡಿಡ್ ಆದವರು ದಾಟುವುದು ಬಹಳ ಸಲ ತಮ್ಮದೇ ಮಾನದ ಚಿಂತೆಯನ್ನು. ತನ್ನ ಸೋಲು, ಕಾಯಿಲೆ, ತಪ್ಪು ನಿರ್ಧಾರಗಳನ್ನು ಬಣ್ಣ ಹಚ್ಚದೆ ಹೇಳಿಕೊಂಡರೆ ಆ ಸಂದರ್ಶನ ಕ್ಯಾಂಡಿಡ್. ಕ್ಯಾಂಡಿಡ್ ಫೋಟೋ ಎಂದರೂ ಇದೇ: ಪೋಸ್ ಕೊಡದೆ ಇದ್ದಾಗ ಸಿಕ್ಕ ಮುಖ.

ಬ್ಲಂಟ್ ಎಂದರೆ ಮೊಂಡು. ಮೊಂಡಾದ ಚಾಕು ಕತ್ತರಿಸುವುದಿಲ್ಲ, ಜಜ್ಜುತ್ತದೆ. ಬ್ಲಂಟ್ ಮಾತಿನಲ್ಲಿ ಸತ್ಯವಿರುತ್ತದೆ, ಕೇಳುವವರ ಮನಸ್ಸಿನ ಲೆಕ್ಕವಿರುವುದಿಲ್ಲ. ಕನ್ನಡದ ‘ಮುಖಕ್ಕೆ ಹೊಡೆದ ಹಾಗೆ’ ಇದಕ್ಕೆ ಹತ್ತಿರ. ‘ಕಡ್ಡಿ ಮುರಿದ ಹಾಗೆ’ ಅಷ್ಟು ಹತ್ತಿರವಲ್ಲ, ಏಕೆಂದರೆ ಅಲ್ಲಿ ಒತ್ತು ಖಚಿತತೆಯ ಮೇಲಿದೆ, ನೋವಿನ ಮೇಲಲ್ಲ. ಬ್ಲಂಟ್ ಪದವನ್ನು ಯಾರು ಯಾರ ಬಗ್ಗೆ ಬಳಸುತ್ತಾರೆ ಎಂಬುದೂ ಮುಖ್ಯ. ‘ನಾನು ಬ್ಲಂಟ್ ಆಗಿ ಹೇಳ್ತೀನಿ’ ಎಂದರೆ ಮುಂಚಿತವಾಗಿ ಕೇಳಿದ ಕ್ಷಮೆ. ‘ಅವರು ತುಂಬಾ ಬ್ಲಂಟ್’ ಎಂದರೆ ಬಹುಮಟ್ಟಿಗೆ ದೂರು.

ಒಂದೇ ಸನ್ನಿವೇಶದಲ್ಲಿಟ್ಟು ನೋಡಿ. ಗೆಳತಿಯೊಬ್ಬಳು ತನ್ನ ಲೇಖನದ ಕರಡು ಕೊಟ್ಟು ಅಭಿಪ್ರಾಯ ಕೇಳುತ್ತಾಳೆ. ‘ಮೊದಲ ಭಾಗ ಓದಿಸಿಕೊಂಡು ಹೋಗುತ್ತದೆ, ಎರಡನೆಯದು ಸಡಿಲ, ಮತ್ತೆ ಬರೆಯಬೇಕು’: ಫ್ರ್ಯಾಂಕ್. ‘ನಿಜ ಹೇಳಲಾ, ಅರ್ಧದಲ್ಲೇ ಬಿಟ್ಟೆ, ಓದುವಾಗ ನನಗೆ ಹೊಟ್ಟೆಕಿಚ್ಚೂ ಆಯಿತು’: ಕ್ಯಾಂಡಿಡ್. ‘ಇದು ಅಚ್ಚಿಗೆ ಲಾಯಕ್ಕಲ್ಲ’: ಬ್ಲಂಟ್. ಬರೀ ‘ಬೇಡ’ ಎಂದು ಕರಡು ವಾಪಸ್ ಕೊಟ್ಟರೆ ಅದು ಬ್ಲಂಟ್ ಕೂಡ ಅಲ್ಲ, ಕರ್ಟ್. ಲ್ಯಾಟಿನ್ ‘ಕರ್ಟಸ್’ ಎಂದರೆ ಮೊಟಕು. ಅಲ್ಲಿ ಪ್ರಾಮಾಣಿಕತೆಯ ಸುದ್ದಿಯೇ ಇಲ್ಲ, ಚುಟುಕಾಗಿ ಮುಗಿಸಿದ ಒರಟುತನ ಮಾತ್ರ.

ಔಟ್‌ಸ್ಪೋಕನ್ ಈ ಗುಂಪಿನಲ್ಲಿದ್ದೂ ಬೇರೆ ಜಾತಿಯದು. ಅದು ಹೆಚ್ಚಾಗಿ ಒಂದು ಮಾತಿಗಿಂತ ವ್ಯಕ್ತಿಯ ರೂಢಿಗೆ ಅಂಟುತ್ತದೆ, ಮತ್ತು ಮಾತು ಹತ್ತು ಜನರ ಮುಂದೆ ಆಗಿರಬೇಕು, ಅಧಿಕಾರದಲ್ಲಿರುವವರಿಗೆ ಅದು ಹಿಡಿಸದೆ ಇರಬೇಕು. ‘ನಿಷ್ಠುರವಾದಿ ಲೋಕವಿರೋಧಿ’ ಎಂಬಲ್ಲಿನ ನಿಷ್ಠುರವಾದಿ ಹೆಚ್ಚುಕಡಿಮೆ ಇವರೇ. ಸುಲಭದ ಪರೀಕ್ಷೆಯೊಂದಿದೆ: ‘ಫ್ರ್ಯಾಂಕ್ ಆಗಿ ಹೇಳಬೇಕೆಂದರೆ’, ‘ಬ್ಲಂಟ್ ಆಗಿ ಹೇಳಬೇಕೆಂದರೆ’ ಎಂದು ಮಾತು ಶುರು ಮಾಡಬಹುದು, ‘ಔಟ್‌ಸ್ಪೋಕನ್ ಆಗಿ ಹೇಳಬೇಕೆಂದರೆ’ ಎಂದರೆ ಇಂಗ್ಲಿಷ್ ಕಿವಿಗೆ ಒಗ್ಗುವುದಿಲ್ಲ.

ಫೋರ್ತ್‌ರೈಟ್ ಆದವರು ನುಣುಚಿಕೊಳ್ಳುವುದಿಲ್ಲ, ಕೇಳಿದ್ದಕ್ಕೆ ಸುತ್ತಿ ಬಳಸದೆ ಉತ್ತರಿಸುತ್ತಾರೆ. ಹೊಗಳಿಕೆಯ ಪತ್ರಕ್ಕೆ ನೆಮ್ಮದಿಯಿಂದ ಬಳಸಬಹುದಾದ ಪದ. ಅಪ್‌ಫ್ರಂಟ್‌ನಲ್ಲಿ ಮುಖ್ಯವಾದದ್ದು ಸಮಯ. ಮನೆಯ ಛಾವಣಿ ಸೋರುತ್ತದೆ ಎಂದು ಮಾರುವವರು ಮುಂಗಡ ಪಡೆಯುವ ಮೊದಲೇ ಹೇಳಿದರೆ ಅಪ್‌ಫ್ರಂಟ್. ಪಡೆದ ಮೇಲೆ ಅದನ್ನೇ ಎಷ್ಟು ನೇರವಾಗಿ ಹೇಳಿದರೂ ಅಲ್ಲ.

ಕನ್ನಡಿಗರು ಹೆಚ್ಚು ಎಡವುವುದು ಸಿನ್ಸಿಯರ್‌ನಲ್ಲಿ. ‘ತುಂಬಾ ಸಿನ್ಸಿಯರ್ ಹುಡುಗ’ ಎಂದರೆ ನಮ್ಮಲ್ಲಿ ಶ್ರದ್ಧೆಯಿಂದ ಕೆಲಸ ಮಾಡುವವನು. ಇಂಗ್ಲಿಷ್‌ನಲ್ಲಿ ಅದು ಮೊದಲು ಸೂಚಿಸುವುದು ಭಾವನೆ ನಕಲಿಯಲ್ಲ ಎಂಬುದನ್ನು. ಸಿನ್ಸಿಯರ್ ಆಗಿದ್ದೂ ಒಬ್ಬರು ಪೂರ್ತಿ ತಪ್ಪು ಹೇಳಬಹುದು, ಏಕೆಂದರೆ ಅವರು ಅದನ್ನು ನಿಜವಾಗಿ ನಂಬಿರುತ್ತಾರೆ. (‘ಮೇಣವಿಲ್ಲದ’ ಎಂಬ ಲ್ಯಾಟಿನ್ ಪದಗಳಿಂದ ಇದು ಬಂತು, ಶಿಲ್ಪಿಗಳು ಬಿರುಕಿಗೆ ಮೇಣ ತುಂಬುತ್ತಿದ್ದರು ಎಂಬ ಕಥೆ ಸೊಗಸಾಗಿದೆ, ಆಧಾರವಿಲ್ಲ, ಮೂಲಪದ ‘ಸಿನ್ಸೀರಸ್’, ಅಂದರೆ ಶುದ್ಧ.) ಶ್ರದ್ಧೆಯನ್ನೇ ಹೇಳಬೇಕಿದ್ದರೆ ಶಿಫಾರಸು ಪತ್ರದಲ್ಲಿ ‘ಕಾನ್ಶಿಯೆನ್ಷಸ್’ ಎಂದೋ ‘ಹಾರ್ಡ್‌ವರ್ಕಿಂಗ್’ ಎಂದೋ ಬರೆಯಿರಿ. ಸ್ಟ್ರೈಟ್‌ಫಾರ್ವರ್ಡ್ ಕೂಡ ಹೀಗೇ: ನಮ್ಮಲ್ಲಿ ಲಂಚ ಮುಟ್ಟದ ಅಧಿಕಾರಿಗೆ ಅನ್ನುವ ಮಾತು, ಇಂಗ್ಲಿಷ್‌ನಲ್ಲಿ ಹೆಚ್ಚಾಗಿ ತೊಡಕಿಲ್ಲದ ಕೆಲಸಕ್ಕೆ.