ವೀಸಾ ಬೇಡ, ಸರಿ. ಹೋಗುವ ದಾರಿ ಯಾವುದು?

ವಾರಕ್ಕೆ ಒಬ್ಬರಾದರೂ ಫೋನ್ ಮುಂದೆ ಹಿಡಿದುಕೊಂಡೇ ನಮ್ಮ ಆಫೀಸಿನೊಳಗೆ ಬರುತ್ತಾರೆ. ಫೋನಿನಲ್ಲಿ ಒಂದು ಪಟ್ಟಿ ಇರುತ್ತದೆ. ಭಾರತದ ಪಾಸ್‌ಪೋರ್ಟ್ ಇದ್ದವರಿಗೆ ವೀಸಾ ಬೇಡದ ದೇಶಗಳ ಪಟ್ಟಿ. ಬಾರ್ಬಡೋಸ್, ಗ್ರೆನಡಾ, ಜಮೈಕಾ, ಟ್ರಿನಿಡಾಡ್, ಡಾಮಿನಿಕಾ ಎಲ್ಲವೂ ಅದರಲ್ಲಿವೆ. “ನೋಡಿ ಮೇಡಂ, ವೆಸ್ಟ್ ಇಂಡೀಸ್‌ಗೆ ವೀಸಾನೇ ಬೇಡ್ವಂತೆ. ಟಿಕೆಟ್ ಒಂದು ಹಾಕಿಕೊಡಿ, ಸಾಕು.”

ಪಟ್ಟಿ ಸುಳ್ಳಲ್ಲ. ಅದೇ ತಲೆನೋವು. ಸುಳ್ಳಾಗಿದ್ದರೆ ಒಂದೇ ಮಾತಿನಲ್ಲಿ ಹೇಳಿ ಕಳಿಸಬಹುದಿತ್ತು.

ಬಸವನಗುಡಿಯಲ್ಲಿ ಈ ಕೆಲಸ ಶುರು ಮಾಡಿ 20 ವರ್ಷ ದಾಟಿತು. ಟಿಕೆಟ್ ಯಾವಾಗ ಅಗ್ಗ, ಯಾವ ಬೀಚು ಚೆಂದ, ಅದೆಲ್ಲ ಈಗಿನವರಿಗೆ ನನಗಿಂತ ಚೆನ್ನಾಗಿ ಗೊತ್ತು. ಅದನ್ನು ಬಿಟ್ಟುಬಿಡುತ್ತೇನೆ. ಇದೊಂದನ್ನು ಮಾತ್ರ ನಿಧಾನವಾಗಿ ಓದಿ.

ನಾನು ತೀರ್ಥಹಳ್ಳಿ ಕಡೆಯವಳು. ನಮ್ಮಲ್ಲಿ ಒಂಟಿ ಮನೆಗಳೇ ಜಾಸ್ತಿ. ನಮ್ಮ ಸೋದರತ್ತೆಯ ಮನೆಗೆ ಹೋಗಬೇಕೆಂದರೆ ಇನ್ನೊಬ್ಬರ ಅಡಿಕೆ ತೋಟ ದಾಟಬೇಕಿತ್ತು. ಅತ್ತೆ ಬಾಗಿಲು ಹಾಕಿದ್ದನ್ನೇ ನಾನು ನೋಡಿಲ್ಲ. ಆದರೆ ತೋಟದವರಿಗೂ ಅತ್ತೆ ಮನೆಗೂ ಮಾತು ನಿಂತ ಒಂದು ಬೇಸಿಗೆಯಲ್ಲಿ ಅವರು ದಣಪೆ, ಅಂದರೆ ಬೇಲಿ ದಾಟುವಲ್ಲಿ ಅಡ್ಡ ಹಾಕುವ ಗಳ, ಬಿಗಿದು ಕಟ್ಟಿಬಿಟ್ಟರು. ಅತ್ತೆ ಅತ್ತ ಕಡೆ ಕಡುಬು ಮಾಡಿಕೊಂಡು ಕಾಯುತ್ತಿದ್ದಳು, ನಾವು ಇತ್ತ ಕಡೆ ನಿಂತಿದ್ದೆವು.

ಕ್ಯಾರಿಬಿಯನ್ ಕಥೆಯೂ ಇಷ್ಟೇ. ದ್ವೀಪದವರು ಬಾಗಿಲು ತೆರೆದಿಟ್ಟಿದ್ದಾರೆ. ಆದರೆ ಭಾರತದಿಂದ ಅಲ್ಲಿಗೆ ನೇರ ವಿಮಾನ ಒಂದೂ ಇಲ್ಲ. ಲಂಡನ್ನೋ, ಅಮೆರಿಕದ ಯಾವುದೋ ಊರೋ, ಟೊರೊಂಟೊವೋ, ಯಾರದೋ ತೋಟ ದಾಟಿಯೇ ಹೋಗಬೇಕು. ದಣಪೆ ಇರುವುದು ಅಲ್ಲಿ. ಅದನ್ನು ತೆಗೆಸುವ ಕಾಗದಕ್ಕೆ ಟ್ರಾನ್ಸಿಟ್ ವೀಸಾ ಅನ್ನುತ್ತಾರೆ.

“ನಾವು ಅಮೆರಿಕಾಗೆ ಹೋಗ್ತಿಲ್ವಲ್ಲ ಮೇಡಂ, ಸುಮ್ನೆ ವಿಮಾನ ಬದಲಾಯಿಸ್ತೀವಿ ಅಷ್ಟೇ.” ಬದಲಾಯಿಸುವುದಕ್ಕೇ ರೀ ಆ ವೀಸಾ! ದುಬೈಯಲ್ಲಿ ನಾವೆಲ್ಲ ವಿಮಾನ ಬದಲಾಯಿಸಿ ರೂಢಿ. ಇಳಿದು, ಅಂಗಡಿ ನೋಡಿ, ಕಾಫಿ ಕುಡಿದು, ಮುಂದಿನ ಗೇಟಿಗೆ ಹೋಗುತ್ತೇವೆ. ಯಾರೂ ಏನೂ ಕೇಳುವುದಿಲ್ಲ. ಅಮೆರಿಕದಲ್ಲಿ ಹಾಗಿಲ್ಲ. ಮಯಾಮಿಯಲ್ಲಿ 2 ಗಂಟೆಯೇ ಇದ್ದರೂ ಇಮಿಗ್ರೇಷನ್ ಸಾಲಿನಲ್ಲಿ ನಿಲ್ಲಬೇಕು, ದೇಶದ ಒಳಗೆ ಹೋಗಿ ಮತ್ತೆ ಹೊರಗೆ ಹೊರಡಬೇಕು. ವೀಸಾ ಇಲ್ಲದೆ ದಾಟಿಕೊಳ್ಳುವ ಒಂದು ವ್ಯವಸ್ಥೆ ಹಿಂದೆ ಇತ್ತು. 2003ರ ಆಗಸ್ಟ್‌ನಲ್ಲಿ ಅದನ್ನು ನಿಲ್ಲಿಸಿದರು. ಈಗ ಸಿ-1 ಅನ್ನುವ ಟ್ರಾನ್ಸಿಟ್ ವೀಸಾ ಬೇಕು, ಇಲ್ಲವೇ ಪ್ರವಾಸಿ ವೀಸಾ ಇರಬೇಕು. ಎರಡಕ್ಕೂ ಅರ್ಜಿ ಶುಲ್ಕ ಒಂದೇ ಆದ್ದರಿಂದ ಪ್ರವಾಸಿ ವೀಸಾಕ್ಕೇ ಹಾಕಿ ಅಂತ ಸಾಮಾನ್ಯವಾಗಿ ಹೇಳುತ್ತೇನೆ. ಸಾಮಾನ್ಯವಾಗಿ ಅಂದೆ. ನಿಮ್ಮ ಪಾಸ್‌ಪೋರ್ಟ್ ನೋಡದೆ ಖಚಿತವಾಗಿ ಏನೂ ಹೇಳುವುದಿಲ್ಲ.

ಲಂಡನ್ ಇನ್ನೂ ಸೂಕ್ಷ್ಮ. ಅಲ್ಲಿ ಎರಡು ಬಗೆ. ಒಂದೇ ವಿಮಾನ ನಿಲ್ದಾಣದ ಒಳಗೇ ಇದ್ದು ಮುಂದಿನ ವಿಮಾನ ಹತ್ತುವವರಿಗೆ ಒಂದು ವೀಸಾ. ನಿಲ್ದಾಣದಿಂದ ಹೊರಗೆ ಬಂದು ಹೋಗುವವರಿಗೆ ಬೇರೆಯದು. ಅಮೆರಿಕ, ಕೆನಡಾದಂಥ ಕೆಲವು ದೇಶಗಳ ವೀಸಾ ಮೊದಲೇ ಇರುವವರಿಗೆ ವಿನಾಯಿತಿಗಳೂ ಇವೆ. ಅವು ಬದಲಾಗುತ್ತಿರುತ್ತವೆ. ಹಾಗಾಗಿ ಟಿಕೆಟ್ ಮಾಡಿಸುವ ವಾರ ಆಯಾ ದೇಶದ ಸರ್ಕಾರಿ ಜಾಲತಾಣದಲ್ಲೇ ನೋಡಿ. ನಿಮ್ಮ ಷಡ್ಡಕರು ಹೋದ ವರ್ಷ ಹಾಗೇ ಹೋಗಿಬಂದರು ಅನ್ನುವುದು ನಿಯಮ ಅಲ್ಲ.

ಎರಡು ವರ್ಷದ ಹಿಂದೆ ರಾಜಾಜಿನಗರದ ದಂಪತಿ ಬಂದಿದ್ದರು. ಮಗಳು ಗ್ರೆನಡಾದಲ್ಲಿ ಪಾಠ ಹೇಳುತ್ತಾಳೆ, ನೋಡಿಕೊಂಡು ಬರಬೇಕು ಅಂದರು. ಆ ದ್ವೀಪಗಳಲ್ಲಿ ಮೆಡಿಕಲ್ ಕಾಲೇಜುಗಳು ಬಹಳ. ಗ್ರೆನಡಾದ ಸೇಂಟ್ ಜಾರ್ಜಸ್ ಯೂನಿವರ್ಸಿಟಿ 1976ರದ್ದು. 1983ರಲ್ಲಿ ಅಮೆರಿಕ ಅಲ್ಲಿ ಸೈನ್ಯ ಇಳಿಸಿದಾಗ ಕೊಟ್ಟ ಕಾರಣಗಳಲ್ಲಿ ಆ ಕಾಲೇಜಿನ ಅಮೆರಿಕನ್ ವಿದ್ಯಾರ್ಥಿಗಳ ರಕ್ಷಣೆಯೂ ಒಂದು. ಆಂಟಿಗುವಾದ ಒಂದು ಕಾಲೇಜಂತೂ ನಮ್ಮ ಮಣಿಪಾಲದವರದ್ದೇ. ಹಾಗಾಗಿ ಈ ಕಡೆಯ ಅಪ್ಪ ಅಮ್ಮಂದಿರು ಅಲ್ಲಿಗೆ ಹೋಗುವುದು ಈಗ ಹೊಸದೇನಲ್ಲ.

ಇರಲಿ. ಆ ಅಂಕಲ್ ವಿಷಯ ಪೂರ್ತಿ ಕೇಳಿಕೊಂಡರು. ಲಂಡನ್ ಟ್ರಾನ್ಸಿಟ್ ವೀಸಾವನ್ನೂ ತಾವೇ ಮಾಡಿಸಿಕೊಂಡರು, ನಿಲ್ದಾಣದ ಒಳಗೇ ಇರುವ ಬಗೆಯದು. ಆಮೇಲೆ ಮಗ ಕಂಪ್ಯೂಟರ್ ಮುಂದೆ ಕೂತು 18 ಸಾವಿರ ರೂಪಾಯಿ ಉಳಿಸಿದ. ಹೇಗೆಂದರೆ, ಒಂದರ ಬದಲು ಎರಡು ಬೇರೆ ಬೇರೆ ಟಿಕೆಟ್ ತೆಗೆದ. ಬೆಂಗಳೂರಿನಿಂದ ಹೀಥ್ರೋವರೆಗೆ ಒಂದು, ಗ್ಯಾಟ್ವಿಕ್‌ನಿಂದ ಗ್ರೆನಡಾಗೆ ಇನ್ನೊಂದು. ಎರಡೂ ಲಂಡನ್ನಿನ ನಿಲ್ದಾಣಗಳೇ ತಾನೇ?

ರಾತ್ರಿ 3 ಗಂಟೆಗೆ ದೇವನಹಳ್ಳಿಯಿಂದ ಫೋನು. ಕೌಂಟರಿನ ಹುಡುಗಿ ಬೋರ್ಡಿಂಗ್ ಪಾಸ್ ಕೊಡುತ್ತಿಲ್ಲ. ನಾನು ಅವಳ ಕೈಗೇ ಫೋನ್ ಕೊಡಿಸಿದೆ. “ಮೇಡಂ, ಅಂಕಲ್ ಹತ್ತಿರ ಇರೋ ವೀಸಾದಲ್ಲಿ ಹೀಥ್ರೋದಿಂದ ಹೊರಗೇ ಬರೋ ಹಾಗಿಲ್ಲ. ಇವರ ಮುಂದಿನ ವಿಮಾನ ಇರೋದು ಗ್ಯಾಟ್ವಿಕ್‌ನಲ್ಲಿ.” ಅವಳದ್ದು ಏನೂ ತಪ್ಪಿಲ್ಲ. ಸರಿಯಾದ ಕಾಗದ ಇಲ್ಲದವರನ್ನು ಕರೆದುಕೊಂಡು ಹೋದರೆ ವಿಮಾನ ಕಂಪನಿಗೆ ದಂಡ ಬೀಳುತ್ತದೆ. ದ್ವೀಪದವರಿಗಿಂತ ಮೊದಲು ನಿಮ್ಮನ್ನು ತಡೆಯುವುದು ದೇವನಹಳ್ಳಿಯ ಕೌಂಟರ್. ಇದು ಜನರಿಗೆ ಹೊಳೆಯುವುದೇ ಇಲ್ಲ.

ಊರು ಒಂದೇ, ನಿಲ್ದಾಣವೂ ಒಂದೇ ಇದ್ದರೂ ಎರಡು ಟಿಕೆಟ್ ಅಂದರೆ ತೊಂದರೆ. ಒಂದೇ ಟಿಕೆಟ್ಟಾದರೆ ಪೆಟ್ಟಿಗೆ ಸಾಮಾನ್ಯವಾಗಿ ತಾನೇ ಮುಂದೆ ಹೋಗುತ್ತದೆ. ಬೇರೆ ಬೇರೆಯಾದರೆ ನೀವು ಹೊರಗೆ ಬಂದು, ಪೆಟ್ಟಿಗೆ ಎತ್ತಿಕೊಂಡು, ಮತ್ತೆ ಚೆಕ್-ಇನ್ ಮಾಡಬೇಕಾಗುತ್ತದೆ. ಹೊರಗೆ ಬರುವುದು ಅಂದರೆ ಆ ದೇಶದ ಒಳಗೆ ಹೋಗುವುದು. ಒಳಗೆ ಹೋಗುವುದಕ್ಕೆ ಅದಕ್ಕೆ ತಕ್ಕ ವೀಸಾ. ಮೂರು ಸಲ ಹೇಳಿದ ಹಾಗಾಯಿತೇನೋ, ಪರವಾಗಿಲ್ಲ.

ಇನ್ನೊಂದು ತಪ್ಪು ಇದರ ಜೊತೆಗೇ ಬರುತ್ತದೆ. “ವೆಸ್ಟ್ ಇಂಡೀಸ್” ಅನ್ನುವುದು ಕ್ರಿಕೆಟ್ ತಂಡ, ದೇಶ ಅಲ್ಲ. ಈ ಗೊಂದಲಕ್ಕೆ 2007ರ ವಿಶ್ವಕಪ್ಪೂ ಸ್ವಲ್ಪ ಕಾರಣ ಅಂತ ನನ್ನ ಅನುಮಾನ. ಆ ವರ್ಷ ಅಲ್ಲಿನ 10 ದೇಶಗಳು ಸೇರಿ ಒಂದೇ ವೀಸಾ ಮಾಡಿದ್ದವು, 100 ಡಾಲರ್. ಟೂರ್ನಿ ಮುಗಿದ ಮೇಲೆ ಅದೂ ಮುಗಿಯಿತು. ನಮ್ಮ ಹತ್ತಿರ ಆಗ ಒಂದು ಗುಂಪು ಏಪ್ರಿಲ್ 15ರ ಭಾರತ–ಪಾಕಿಸ್ತಾನ ಪಂದ್ಯ ನೋಡಲು ಬಾರ್ಬಡೋಸ್‌ನ ಬ್ರಿಜ್‌ಟೌನಿಗೆ ಟಿಕೆಟ್ ಮಾಡಿಸಿತ್ತು. ಎರಡೂ ತಂಡ ಮೊದಲ ಸುತ್ತಿನಲ್ಲೇ ಮನೆಗೆ ಬಂದವು. ನಮ್ಮವರು ಹೋಗಿ ಐರ್ಲೆಂಡ್–ಬಾಂಗ್ಲಾದೇಶ ಪಂದ್ಯ ನೋಡಿದರು. ಅದರಲ್ಲಿ ಒಬ್ಬರು ಇವತ್ತಿಗೂ ಸಿಕ್ಕಿದರೆ ಐರ್ಲೆಂಡಿನ ಗೆಲುವನ್ನು ಬಣ್ಣಿಸುತ್ತಾರೆ, ಪಾಪ.

ಈಗ ಒಂದೊಂದು ದ್ವೀಪಕ್ಕೂ ಒಂದೊಂದು ಲೆಕ್ಕ. ಬಾರ್ಬಡೋಸ್‌ಗೆ ನಮಗೆ ವೀಸಾ ಬೇಡ, ಬಹಾಮಾಸ್‌ಗೆ ಬೇಕು. ಮಾರ್ಟಿನಿಕ್ ಮತ್ತು ಗ್ವಾಡೆಲೂಪ್ ಫ್ರಾನ್ಸಿನವು, ಆದರೆ ಷೆಂಗೆನ್ ವಲಯದಲ್ಲಿ, ಅಂದರೆ ಒಂದೇ ವೀಸಾದಲ್ಲಿ ಸುತ್ತಬಹುದಾದ ಯುರೋಪಿನ ದೇಶಗಳ ಗುಂಪಿನಲ್ಲಿ, ಇಲ್ಲ. ಪೋರ್ಟೊ ರಿಕೊಗೆ ಅಮೆರಿಕದ ವೀಸಾವೇ ಬೇಕು. ಎಲ್ಲಕ್ಕಿಂತ ದೊಡ್ಡ ಗುಂಡಿ ಡಾಮಿನಿಕಾ. ಅದು ಇಂಗ್ಲಿಷ್ ಮಾತಾಡುವ ಪುಟ್ಟ ಬೆಟ್ಟದ ದ್ವೀಪ, ರಾಜಧಾನಿ ರೋಸೋ. ಡೊಮಿನಿಕನ್ ರಿಪಬ್ಲಿಕ್ ಸ್ಪ್ಯಾನಿಷ್ ಮಾತಾಡುವ ಬೇರೆಯೇ ದೇಶ, ಎಷ್ಟೋ ಪಟ್ಟು ದೊಡ್ಡದು. ಒಬ್ಬ ಹುಡುಗ ಮೊದಲನೆಯದರ ನಿಯಮ ಓದಿ ಎರಡನೆಯದರಲ್ಲಿ ಹನಿಮೂನ್ ಹೋಟೆಲ್ ಬುಕ್ ಮಾಡಿದ್ದ, ಹಣ ವಾಪಸ್ ಬರದ ದರದಲ್ಲಿ. ಆ ಹುಡುಗಿ ನಮ್ಮ ಆಫೀಸಿನಲ್ಲಿ ಕೂತು ಅವನನ್ನು ನೋಡಿದ ನೋಟ ನನಗಿನ್ನೂ ನೆನಪಿದೆ.

ತಲುಪಿದ ಮೇಲೂ ಅಧಿಕಾರಿ ವಾಪಸ್ ಟಿಕೆಟ್, ಉಳಿಯುವ ವಿಳಾಸ, ಖರ್ಚಿಗೆ ಹಣ ಕೇಳಬಹುದು. ಬಾರ್ಬಡೋಸ್‌ನಲ್ಲಿ 90 ದಿನ ವೀಸಾ ಬೇಡ ಅಂದರೆ ಅದು ಪ್ರವಾಸಕ್ಕೆ, ಕೆಲಸಕ್ಕಲ್ಲ. ಐಟಿ ಹುಡುಗರು “ಬೀಚಲ್ಲಿ ಲ್ಯಾಪ್‌ಟಾಪ್ ಇಟ್ಕೊಂಡು ವರ್ಷ ಕೂತ್ಕೋತೀನಿ” ಅನ್ನುತ್ತಾರೆ. ಅದಕ್ಕೆ ಬಾರ್ಬಡೋಸ್ 2020ರಲ್ಲೇ ವೆಲ್‌ಕಮ್ ಸ್ಟ್ಯಾಂಪ್ ಅಂತ ಬೇರೆ ಪರವಾನಗಿ ಮಾಡಿದೆ. 12 ತಿಂಗಳದ್ದು. ಶುರುವಾದಾಗ ಇಟ್ಟ ಷರತ್ತು ವರ್ಷಕ್ಕೆ 50 ಸಾವಿರ ಅಮೆರಿಕನ್ ಡಾಲರ್ ಆದಾಯ, ಒಬ್ಬರಿಗೆ 2 ಸಾವಿರ ಡಾಲರ್ ಶುಲ್ಕ. ಲೆಕ್ಕ ಹೇಳಿದ ಕೂಡಲೇ ಅರ್ಧ ಜನ ಗೋಕರ್ಣಕ್ಕೆ ಬಸ್ ವಿಚಾರಿಸುತ್ತಾರೆ. ದುಡ್ಡು ಹಾಕಿದರೆ ಪಾಸ್‌ಪೋರ್ಟೇ ಕೊಡುವ ದ್ವೀಪಗಳೂ ಇವೆ. ಅದನ್ನು ತೆಗೆದುಕೊಂಡರೆ ಭಾರತದ ಪೌರತ್ವ ಹೋಗುತ್ತದೆ. ಅದಕ್ಕೆ ವಕೀಲರ ಹತ್ತಿರ ಹೋಗಿ, ನನ್ನ ಹತ್ತಿರ ಬೇಡ.

ಚಂಡಮಾರುತದ ಕಾಲ ಜೂನ್ 1ರಿಂದ ನವೆಂಬರ್ 30. ಇದನ್ನು ಎಲ್ಲರೂ ಓದಿರುತ್ತಾರೆ, ಯಾರೂ ನಂಬುವುದಿಲ್ಲ, ಆಗ ಟಿಕೆಟ್ ಅಗ್ಗ. 2024ರ ಜೂನ್ 29ರಂದು ಬ್ರಿಜ್‌ಟೌನಿನಲ್ಲಿ ಭಾರತ 7 ರನ್ನುಗಳಿಂದ ಟಿ20 ವಿಶ್ವಕಪ್ ಗೆದ್ದಿತಲ್ಲ, ಹಿಂದೆಯೇ ಬೆರಿಲ್ ಚಂಡಮಾರುತ ಬಂತು. ವಿಮಾನ ನಿಲ್ದಾಣ ಮುಚ್ಚಿತು. ಕಪ್ ಹಿಡಿದುಕೊಂಡ ತಂಡವೇ ಹೋಟೆಲಿನಲ್ಲಿ ಕೂತಿತ್ತು. ವಿಶೇಷ ವಿಮಾನದಲ್ಲಿ ಅವರು ದೆಹಲಿ ಮುಟ್ಟಿದ್ದು ಜುಲೈ 4ಕ್ಕೆ. ನಾನು ಕಳಿಸಿದ ಮೂವರು ಗೆಳೆಯರೂ ಅಲ್ಲೇ ಸಿಕ್ಕಿಕೊಂಡಿದ್ದರು. ಅವರಿಗೆ ವಿಶೇಷ ವಿಮಾನ ಎಲ್ಲಿಂದ ಬರಬೇಕು? ವಿಮಾನ ಕಂಪನಿ ಮಯಾಮಿ ಮೇಲಿಂದ ಸೀಟು ಕೊಡುತ್ತೇವೆ ಅಂದಿತು. ಇಬ್ಬರಿಗೆ ಅಮೆರಿಕದ ವೀಸಾ ಇತ್ತು, ಹೊರಟರು. ಮೂರನೆಯವರ ಹತ್ತಿರ ಇದ್ದದ್ದು ಲಂಡನ್ ಟ್ರಾನ್ಸಿಟ್ ಮಾತ್ರ. ಅವರು ಇನ್ನೂ ನಾಲ್ಕು ದಿನ ಸ್ವಂತ ಖರ್ಚಿನಲ್ಲಿ ಉಳಿದರು. ಅಂದಿನಿಂದ ನಾನು, ಅಮೆರಿಕ ವೀಸಾ ಸಿಗುವ ಹಾಗಿದ್ದರೆ ಮೊದಲು ಅದನ್ನೇ ನೋಡಿ ಅನ್ನುತ್ತೇನೆ, ನೀವು ಹೋಗುವುದು ಲಂಡನ್ ಮೇಲೆಯೇ ಆದರೂ.

ಟ್ರಿನಿಡಾಡ್‌ಗೆ ಹೋಗುವವರಿಗೆ ಒಂದು ಸೂಜಿ ಬಾಕಿ ಇದೆ, ಹಳದಿ ಜ್ವರದ್ದು. ಪ್ರಯಾಣಕ್ಕೆ ಕನಿಷ್ಠ 10 ದಿನ ಮೊದಲು ಹಾಕಿಸಬೇಕು. ಒಮ್ಮೆ ಹಾಕಿಸಿದರೆ ಪ್ರಮಾಣಪತ್ರ ಜೀವನಪೂರ್ತಿ ನಡೆಯುತ್ತದೆ. ಅದಿಲ್ಲದೆ ವಾಪಸ್ ಬಂದರೆ ನಮ್ಮ ಸರ್ಕಾರವೇ 6 ದಿನದವರೆಗೆ ಪ್ರತ್ಯೇಕವಾಗಿ ಇಡಬಹುದು. ಸೈನಿಕರ ಹಸಿರು ಚುಕ್ಕೆ ಬಟ್ಟೆ ಬಾರ್ಬಡೋಸ್, ಜಮೈಕಾ, ಟ್ರಿನಿಡಾಡ್ ಮುಂತಾದ ಕಡೆ ಕಾನೂನಿಗೆ ವಿರುದ್ಧ. ಬಾರ್ಬಡೋಸ್‌ನಲ್ಲಿ ಮಕ್ಕಳ ಚಡ್ಡಿಗೂ ಅದೇ ನಿಯಮ. ಪೆಟ್ಟಿಗೆ ಕಟ್ಟುವಾಗ ನೋಡಿಕೊಳ್ಳಿ.

ರಾಜಾಜಿನಗರದವರು ಆಮೇಲೆ ಹೋದರಾ ಅಂತ ಕೇಳುತ್ತೀರೇನೋ. ಹೋದರು. ಆರು ವಾರದ ನಂತರ, ಸರಿಯಾದ ವೀಸಾ ಮಾಡಿಸಿಕೊಂಡು, ಒಂದೇ ಟಿಕೆಟ್ಟಿನಲ್ಲಿ. ಆಂಟಿಗೆ ಅಲ್ಲಿ ಮೊದಲ ವಾರ ಬೇಜಾರು. ಮಿನಿಬಸ್ಸಿನಲ್ಲಿ, ಅಂಗಡಿಯಲ್ಲಿ ಯಾರೂ ಮುಖ ಕೊಟ್ಟು ಮಾತಾಡುತ್ತಿರಲಿಲ್ಲವಂತೆ. ಮಗಳು ಹೇಳಿಕೊಟ್ಟಳು: ಇಲ್ಲಿ ಒಳಗೆ ಕಾಲಿಟ್ಟ ಕೂಡಲೇ ಎಲ್ಲರಿಗೂ ಕೇಳುವ ಹಾಗೆ “ಗುಡ್ ಮಾರ್ನಿಂಗ್” ಅನ್ನಬೇಕು. ಅನ್ನದೆ ನೇರವಾಗಿ ಬೆಲೆ ಕೇಳಿದರೆ ಒರಟು ಅಂದುಕೊಳ್ಳುತ್ತಾರೆ. ಎರಡನೇ ವಾರದಿಂದ ಇಡೀ ಬಸ್ಸು ಆಂಟಿಗೆ ಪರಿಚಯ. ಜಾಯಿಕಾಯಿ ಮಾರುವ ಅಜ್ಜಿ ಒಬ್ಬರು ಒಂದು ಪೊಟ್ಟಣ ಸುಮ್ಮನೇ ಕೊಟ್ಟರಂತೆ. ಅದರಲ್ಲಿ ಎರಡು ಕಾಯಿ ನನ್ನ ಮೇಜಿನ ಮೇಲಿವೆ.

ಬೆಂಗಳೂರಿಗೆ ಬಂದ ಮರುದಿನ ಆಂಟಿ ಮೆಜೆಸ್ಟಿಕ್ ಬಸ್ಸು ಹತ್ತಿ, ಬಾಯಿ ರೂಢಿಗೆ, ಜೋರಾಗಿ “ಗುಡ್ ಮಾರ್ನಿಂಗ್” ಅಂದಿದ್ದಾರೆ. ಕಂಡಕ್ಟರ್ ಒಂದು ಕ್ಷಣ ನೋಡಿ, “ಚೆಕಿಂಗಾ ಮೇಡಂ?” ಅಂತ ಕೇಳಿದನಂತೆ.