ಚಾವಣಿ ಹೋದ ಮೇಲೂ ನಿಂತ ಗೋಡೆಗಳು: ಜುಮಿಯೇಜ್ ಚರ್ಚಿನ ಕಲ್ಲು, ಗಾರೆ ಮತ್ತು ನೀರು

ಫ್ರಾನ್ಸಿನ ನಾರ್ಮಂಡಿಯಲ್ಲಿ, ರುವಾನ್ ನಗರದಿಂದ ಪಶ್ಚಿಮಕ್ಕೆ ಸೇನ್ ನದಿ ದೊಡ್ಡ ದೊಡ್ಡ ತಿರುವು ತೆಗೆದುಕೊಳ್ಳುತ್ತಾ ಸಮುದ್ರದ ಕಡೆಗೆ ಹೋಗುತ್ತದೆ. ಅಂಥ ಒಂದು ತಿರುವಿನೊಳಗಿನ ಹಳ್ಳಿ ಜುಮಿಯೇಜ್. ಅಲ್ಲಿನ ಮಠದ ಚರ್ಚಿಗೆ ಈಗ ಚಾವಣಿಯಿಲ್ಲ. ಆದರೂ ನಡುಹಜಾರದ ಗೋಡೆಗಳು ಸುಮಾರು 25 ಮೀಟರ್ ಎತ್ತರಕ್ಕೆ, ಮುಂಭಾಗದ ಜೋಡಿ ಗೋಪುರಗಳು ಸುಮಾರು 46 ಮೀಟರ್ ಎತ್ತರಕ್ಕೆ ನಿಂತಿವೆ. 1040ರ ಹೊತ್ತಿಗೆ ಶುರುವಾದ ಕಟ್ಟಡ ಇದು. 1067ರಲ್ಲಿ ಇದರ ಪ್ರತಿಷ್ಠೆಗೆ, ಹಿಂದಿನ ವರ್ಷವಷ್ಟೇ ಇಂಗ್ಲೆಂಡನ್ನು ಗೆದ್ದಿದ್ದ ವಿಲಿಯಂ ಬಂದಿದ್ದ. ಆ ಕಾಲದ ಯುರೋಪಿನ ರೋಮನೆಸ್ಕ್ ಎಂಬ ಕಟ್ಟಡ ಶೈಲಿಯ ಗುರುತುಗಳೆಲ್ಲ ಇಲ್ಲಿವೆ: ಅರ್ಧವೃತ್ತದ ಕಮಾನು, ದಪ್ಪ ಗೋಡೆ, ಒಂದು ಚೌಕ ಕಂಬ ಒಂದು ದುಂಡು ಕಂಬ ಎಂದು ಸರದಿಯಂತೆ ಬರುವ ಸಾಲು.

ಚರ್ಚನ್ನು ಕೆಡವಿದ್ದು ಕಾಲವಲ್ಲ, ಮನುಷ್ಯರು. ಫ್ರೆಂಚ್ ಕ್ರಾಂತಿಯ ನಂತರ ಮಠ ಖಾಸಗಿಯವರಿಗೆ ಮಾರಾಟವಾಯಿತು. ಕೊಂಡವರಿಗೆ ಬೇಕಾಗಿದ್ದುದು ಕಲ್ಲು. 19ನೇ ಶತಮಾನದ ಆರಂಭದಲ್ಲಿ ಪೂರ್ವದ ಭಾಗಕ್ಕೆ ಸಿಡಿಮದ್ದು ಇಟ್ಟು ಉರುಳಿಸಿದರು. ನಡುಗೋಪುರದ ನಾಲ್ಕು ಪಕ್ಕಗಳಲ್ಲಿ ಪಶ್ಚಿಮದ್ದು ಮಾತ್ರ, ತನ್ನ ಭಾರೀ ಕಮಾನಿನ ಸಮೇತ ಉಳಿದಿದೆ.

ಇಷ್ಟೆತ್ತರದ ಗೋಡೆಯ ಭಾರಕ್ಕೆ ಬುಡದ ಕಲ್ಲು ಪುಡಿಯಾಗುವುದಿಲ್ಲವೇ ಎಂದು ಅನಿಸಬಹುದು. ಲೆಕ್ಕ ಸುಲಭ. ಒಂದು ಘನ ಮೀಟರ್ ಸುಣ್ಣಕಲ್ಲಿನ ಗೋಡೆ ಸುಮಾರು 2 ಟನ್ ತೂಗುತ್ತದೆ. 25 ಮೀಟರ್ ಎತ್ತರವೆಂದರೆ ಬುಡದ ಪ್ರತಿ ಚದರ ಮೀಟರಿಗೆ 50 ಟನ್, ಅಂದರೆ ಪ್ರತಿ ಚದರ ಸೆಂಟಿಮೀಟರಿಗೆ ಕೇವಲ 5 ಕೆ.ಜಿ. ಮೆತ್ತನೆಯ ಸುಣ್ಣಕಲ್ಲು ಕೂಡ ಇದರ ಹತ್ತಿಪ್ಪತ್ತು ಪಟ್ಟು ಒತ್ತಡ ತಡೆಯುತ್ತದೆ. ಕಲ್ಲಿನ ಬಲ ಇಲ್ಲಿ ಚಿಂತೆಯ ವಿಷಯವೇ ಅಲ್ಲ.

ಚಿಂತೆ ಇರುವುದು ಗಾಳಿಯದು. ಚಾವಣಿಯ ಮರದ ತೊಲೆಗಳು ಎದುರುಬದುರು ಗೋಡೆಗಳ ತಲೆಯನ್ನು ಜೋಡಿಸಿ ಹಿಡಿದಿದ್ದವು. ಅವು ಹೋದ ಮೇಲೆ ಪ್ರತಿ ಗೋಡೆಯೂ ಒಂಟಿ. ಒಂದು ಮೀಟರ್ ದಪ್ಪದ, 25 ಮೀಟರ್ ಎತ್ತರದ ಬೋಳುಗೋಡೆಯೊಂದನ್ನು ಊಹಿಸಿಕೊಳ್ಳಿ. ಒಂದು ಮೀಟರ್ ಉದ್ದಕ್ಕೆ 50 ಟನ್ ತೂಕ. ಆ ತೂಕ ಗೋಡೆಯ ಅಂಚಿನಿಂದ ಅರ್ಧ ಮೀಟರ್ ಒಳಗಿರುವುದರಿಂದ ಉರುಳದಂತೆ ತಡೆಯುವ ಬಲ (ತೂಕವನ್ನು ದೂರದಿಂದ ಗುಣಿಸಿದರೆ) 25 ಟನ್-ಮೀಟರ್. ಗಂಟೆಗೆ 144 ಕಿ.ಮೀ. ವೇಗದ ಬಿರುಗಾಳಿ ಚದರ ಮೀಟರಿಗೆ ಸುಮಾರು 100 ಕೆ.ಜಿ.ಯಷ್ಟು ಒತ್ತಿದರೆ ಒಂದು ಮೀಟರ್ ಉದ್ದಕ್ಕೆ 2.5 ಟನ್ ನೂಕು ಗೋಡೆಯ ನಡು ಎತ್ತರದಲ್ಲಿ, ಅಂದರೆ 12.5 ಮೀಟರ್ ಮೇಲೆ ಬಿದ್ದಂತಾಗಿ, ಉರುಳಿಸುವ ಬಲ 31 ಟನ್-ಮೀಟರ್ ದಾಟುತ್ತದೆ. ಗೋಡೆ ಬೀಳಬೇಕು! ದಪ್ಪವನ್ನು ಎರಡು ಪಟ್ಟು ಮಾಡಿದರೆ ತಡೆಯುವ ಬಲ ನಾಲ್ಕು ಪಟ್ಟಾಗುತ್ತದೆ. ಜುಮಿಯೇಜ್‌ನಲ್ಲಿ ಆ ಕೆಲಸವನ್ನು ಮಾಡುವುದು ಚೌಕ ಕಂಬಗಳಿಗೆ ಅಂಟಿಕೊಂಡು ಮೇಲಿನವರೆಗೂ ಏರುವ ಅರ್ಧಗಂಬಗಳು, ಮತ್ತು ಗೋಡೆಗೆ ಪಕ್ಕದಿಂದ ಆತುಕೊಂಡ ಎರಡು ಅಂತಸ್ತಿನ ಕಟ್ಟಡ. ಸಾಲು ಕಮಾನುಗಳು ಗಾಳಿಗೆ ದಾರಿಯನ್ನೂ ಬಿಡುತ್ತವೆ.

ಆದರೆ ಇಂಥ ಗೋಡೆ ಒಂದೇ ಕಲ್ಲಿನ ಮುದ್ದೆಯಲ್ಲ. ಎರಡು ಹೊರಮೈಗೆ ಕೆತ್ತಿದ ಕಲ್ಲು, ನಡುವೆ ಒರಟು ಕಲ್ಲುಚೂರು ಮತ್ತು ಸುಣ್ಣದ ಗಾರೆಯ ತುಂಬು. ಪಾಳು ಕಟ್ಟಡಗಳು ಸಾಯುವುದು ಈ ತುಂಬಿನಿಂದ. ಚಾವಣಿ ಹೋದ ಮೇಲೆ ಗೋಡೆಯ ನೆತ್ತಿ ಬಯಲಾಗುತ್ತದೆ. ಮಳೆನೀರು ಅಲ್ಲಿಂದ ಇಳಿದು ಗಾರೆಯ ಸುಣ್ಣವನ್ನು ನಿಧಾನವಾಗಿ ಕರಗಿಸುತ್ತದೆ. ಸಡಿಲವಾದ ಮರಳು ಕೆಳಗೆ ಜಾರಿ ಒಳಗೆ ಪೊಳ್ಳು ಬೀಳುತ್ತದೆ. ಚಳಿಗಾಲದಲ್ಲಿ ಅದೇ ನೀರು ಹೆಪ್ಪುಗಟ್ಟಿ ಗಾತ್ರದಲ್ಲಿ ಸುಮಾರು 9% ಹಿಗ್ಗುತ್ತದೆ. ಸೊನ್ನೆ ಡಿಗ್ರಿಯ ಆಚೀಚೆ ಉಷ್ಣತೆ ಮತ್ತೆ ಮತ್ತೆ ಓಲಾಡುವ ನಾರ್ಮಂಡಿಯಂಥ ಕಡೆ, ಗಟ್ಟಿಯಾಗಿ ಹೆಪ್ಪುಗಟ್ಟಿಯೇ ಇರುವ ಚಳಿಗಿಂತ ಇದು ಹೆಚ್ಚು ಕೆಟ್ಟದ್ದು. ಕೊನೆಗೆ ಹೊರಮೈ ಉಬ್ಬುತ್ತದೆ. ಮರದ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದರೆ ಗಟ್ಟಿ ಕಲ್ಲು ಚುರುಕಾಗಿ ನುಡಿಯುತ್ತದೆ, ಪೊಳ್ಳಾದ ಜಾಗ ಮಂಕಾಗಿ ಗುಂಯ್ ಎನ್ನುತ್ತದೆ.

ಸಂದುಗಳಲ್ಲಿ ಬೇರಿಳಿಸಿದ ಐವಿ ಬಳ್ಳಿಯನ್ನು ಕಂಡ ಕೂಡಲೇ ಕಿತ್ತೆಳೆಯಬಾರದು; ಬೇರಿನ ಜತೆ ಕಲ್ಲೂ ಬರುತ್ತದೆ. ಬುಡದಲ್ಲಿ ಕತ್ತರಿಸಿ, ಒಣಗಲು ಬಿಟ್ಟು, ಮೇಲಿನಿಂದ ಸ್ವಲ್ಪ ಸ್ವಲ್ಪವೇ ತೆಗೆಯುತ್ತಾ ಆಗಿಂದಾಗಲೇ ಸಂದು ತುಂಬಬೇಕು.

ಸಂದಿಗೆ ಸಿಮೆಂಟ್ ಹಾಕುವುದು ದುರಸ್ತಿಯ ಹೆಸರಿನಲ್ಲಿ ಆಗುವ ಅತಿ ದೊಡ್ಡ ಹಾನಿ. ಸುಣ್ಣದ ಗಾರೆ ಉಸಿರಾಡುತ್ತದೆ. ಗೋಡೆಯ ತೇವ ಸಂದಿನ ಮೂಲಕ ಆರಿಹೋಗುತ್ತದೆ. ಸಿಮೆಂಟ್ ಆ ದಾರಿಯನ್ನು ಮುಚ್ಚಿದಾಗ ತೇವವೂ ಅದರಲ್ಲಿ ಕರಗಿದ ಲವಣವೂ ಕಲ್ಲಿನ ಮೂಲಕವೇ ಹೊರಬರಬೇಕಾಗುತ್ತದೆ. ಲವಣ ಮೇಲ್ಮೈ ಕೆಳಗೆ ಹರಳುಗಟ್ಟಿ ಕಲ್ಲನ್ನು ಪದರ ಪದರವಾಗಿ ಎಬ್ಬಿಸುತ್ತದೆ. ಕೆಲವು ವರ್ಷಗಳಲ್ಲಿ ಕಲ್ಲು ಒಳಸರಿದು, ಸಿಮೆಂಟ್ ಗೆರೆಗಳು ಮಾತ್ರ ಬದುಗಳ ಹಾಗೆ ಎದ್ದು ನಿಲ್ಲುತ್ತವೆ.

ಸರಿಯಾದ ಕೆಲಸ ನಿಧಾನದ್ದು. ಹಳೆಯ ಸಡಿಲ ಗಾರೆಯನ್ನು ಸಂದಿನ ಅಗಲದ ಕನಿಷ್ಠ ಎರಡರಷ್ಟು ಆಳಕ್ಕೆ ಕೆರೆದು ತೆಗೆದು, ನೀರಿನಿಂದ ತೊಳೆದು, ಕಲ್ಲು ಒದ್ದೆ ಇರುವಾಗಲೇ ಹೊಸ ಗಾರೆ ಒತ್ತಬೇಕು. ಒಣಕಲ್ಲು ಗಾರೆಯ ನೀರನ್ನು ಹೀರಿಕೊಂಡರೆ ಗಾರೆ ಪುಡಿಯಾಗುತ್ತದೆ. ಒಂದು ಪಾಲು ಸುಣ್ಣಕ್ಕೆ ಎರಡೂವರೆಯಿಂದ ಮೂರು ಪಾಲು ಚೂಪು ಅಂಚಿನ ಕಾಳಿನ ಮರಳು ಸಾಮಾನ್ಯ ಅಳತೆ. ಗಾರೆ ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ಮತ್ತೆ ಸುಣ್ಣಕಲ್ಲಾಗಲು ತಿಂಗಳುಗಟ್ಟಲೆ ಬೇಕು. ಆದ್ದರಿಂದ ಒದ್ದೆ ಗೋಣಿತಾಟು ಹೊದಿಸಿ ಬಿಸಿಲು-ಗಾಳಿಯಿಂದ ಕಾಯಬೇಕು, ಉಷ್ಣತೆ 5 ಡಿಗ್ರಿಗಿಂತ ಕೆಳಗಿಳಿಯುವ ದಿನಗಳಲ್ಲಿ ಕೆಲಸವನ್ನೇ ನಿಲ್ಲಿಸಬೇಕು.

ಗೋಡೆಯ ನೆತ್ತಿಗೆ ಇನ್ನೊಂದು ಉಪಾಯವಿದೆ, ಇತ್ತೀಚಿನ ದಶಕಗಳಲ್ಲಿ ಇಂಗ್ಲೆಂಡಿನ ಪಾಳು ಮಠಗಳಲ್ಲಿ ಪರೀಕ್ಷಿಸಿದ್ದು. ನೀರು ನಿಲ್ಲದಂತೆ ನೆತ್ತಿಯನ್ನು ಗಾರೆಯಿಂದ ಸಮಮಾಡಿ, ಅದರ ಮೇಲೆ ಸುಮಾರು 10 ಸೆಂ.ಮೀ. ಮಣ್ಣು ಹರಡಿ ಬೇರು-ಮಣ್ಣಿನ ಸಮೇತ ಹುಲ್ಲಿನ ಹಾಸು ಹೊದಿಸುವುದು. ಬೀಳುವ ಮಳೆಯ ಬಹುಪಾಲನ್ನು ಮಣ್ಣು ಹಿಡಿದಿಟ್ಟುಕೊಂಡು ಹುಲ್ಲಿನ ಮೂಲಕ ಗಾಳಿಗೆ ಬಿಡುತ್ತದೆ. ಕೆಳಗಿನ ಕಲ್ಲಿಗೆ ಹೆಪ್ಪುಗಟ್ಟುವ ಚಳಿ ತಟ್ಟುವುದೂ ಕಡಿಮೆ. ಪೊದೆ, ಮರದ ಸಸಿ ಮೊಳೆತರೆ ಮಾತ್ರ ವರ್ಷಕ್ಕೊಮ್ಮೆ ಹತ್ತಿ ಕಿತ್ತುಹಾಕಬೇಕು, ಬೇರು ಹೆಬ್ಬೆರಳಿನ ಗಾತ್ರ ತಲುಪುವ ಮೊದಲೇ.